ಕಾಗುಣಿತವಿಲ್ಲದ ಐದು ಅಕ್ಷರ

ಚರಂಜೀ ಲಾಲನಿಗೆ ಒಂದು ಚಾಳಿಯಿತ್ತು. ಯಾರ ಮನೆ ಮುಂದೆ ಹಾದರೂ ಕದವನ್ನೊಮ್ಮೆ ನೋಡದೆ ಮುಂದೆ ಹೋಗುತ್ತಿರಲಿಲ್ಲ. ಮೂವತ್ತೇಳು ವರ್ಷ ಮಲೂಕ್‌ಪುರದಲ್ಲಿ ಟಪಾಲು ಹಂಚಿದವನಿಗೆ ಊರೆಂದರೆ ಕದಗಳ ಸಾಲು. ಯಾವ ಕದದ ಚಿಲಕ ಸಡಿಲ, ಯಾವುದರ ಹಿಂದೆ ನಾಯಿ ಇದೆ, ಯಾವುದನ್ನು ತಟ್ಟಿದರೆ ಒಂದು ಲೋಟ ಲಸ್ಸಿ ಹೊರಗೆ ಬರುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ನಿವೃತ್ತನಾಗಿ ಏಳು ವರ್ಷವಾದರೂ ಬೆಳಗಿನ ಒಂಬತ್ತಕ್ಕೆ ಅವನ ಕಾಲು ತಾನಾಗಿ ಬೀದಿಗಿಳಿಯುತ್ತಿತ್ತು. "ಚೀಲ ಹೋದ್ರೂ ಚಟ ಹೋಗ್ಲಿಲ್ಲ ಇವ್ರಿಗೆ" ಎಂದು ಹೆಂಡತಿ ಶೀಲಾವಂತಿ ಅಕ್ಕಪಕ್ಕದವರ ಮುಂದೆ ಆಡಿಕೊಳ್ಳುತ್ತಿದ್ದಳು.

ಇನ್ನೊಂದು ವಿದ್ಯೆಯೂ ಅವನಿಗೆ ಗೊತ್ತಿತ್ತು. ಈಗ ಊರಿನಲ್ಲಿ ಬೇರೆ ಯಾರಿಗೂ ಅದು ಗೊತ್ತಿಲ್ಲ. ಹಳೆಯ ವ್ಯಾಪಾರಿಗಳು ಬರೆಯುತ್ತಿದ್ದ ಲಂಡೆ ಲಿಪಿಯನ್ನು ಓದುವುದು. ಲಂಡೆ ಎಂದರೆ ಬಾಲ ಕತ್ತರಿಸಿದ್ದು. ಹೆಸರಿಗೆ ತಕ್ಕ ಹಾಗೆ ಅದರಲ್ಲಿ ತಲೆಕಟ್ಟಿಲ್ಲ, ಇಳಿಯಿಲ್ಲ, ಗುಡಿಸಿಲ್ಲ, ಕೊಂಬಿಲ್ಲ, ಸೊನ್ನೆಯೂ ಇಲ್ಲ. ‘ಮ ಲ’ ಎಂದು ಬರೆದಿದ್ದರೆ ಅದು ಮೂಲಾ ಆಗಬಹುದು, ಮೇಲಾ ಆಗಬಹುದು, ಮಾಲಿಯೂ ಆಗಬಹುದು. ಕಾಗುಣಿತವನ್ನು ಓದುವವನೇ ತನ್ನ ತಲೆಯಿಂದ ಹಾಕಿಕೊಳ್ಳಬೇಕು. ಮಂಡಿಯ ವ್ಯಾಪಾರಿಗಳ ಕಾರ್ಡುಗಳೆಲ್ಲ ಇದೇ ಲಿಪಿಯಲ್ಲಿ ಬರುತ್ತಿದ್ದವು. ಹಿರಿಯ ಪೋಸ್ಟ್‌ಮನ್ ಮುನ್ಷೀ ರಾಮ್ ಹೊಸ ಹುಡುಗ ಚರಂಜಿಗೆ ಅದನ್ನು ಕಲಿಸಿದ್ದು ಒಂದೇ ಮಾತಿನಲ್ಲಿ: "ಅಕ್ಷರ ನೋಡ್ಬೇಡಪ್ಪ, ಮನೆ ನೋಡು. ಮನೆ ಗೊತ್ತಿದ್ರೆ ಕಾಗುಣಿತ ತಾನೇ ಬರುತ್ತೆ."

ಹಾಗೆಂದು ಎಲ್ಲ ಸಲವೂ ಬರುತ್ತಿರಲಿಲ್ಲ. ಒಮ್ಮೆ ಬೇಳೆ ಅಂಗಡಿಯ ಹುಕಮ್ ಚಂದನಿಗೆ ಸೊಸೆಯ ತವರಿನಿಂದ ಕಾರ್ಡು ಬಂತು. ‘ಕ ಕ’ ಆಗಿದೆ, ತಾಯಿಮಗು ಕ್ಷೇಮ, ಎಂದಿತ್ತು. ನಮ್ಮಲ್ಲಿ ಕಾಕಾ ಎಂದರೆ ಗಂಡುಮಗು, ಕಾಕಿ ಎಂದರೆ ಹೆಣ್ಣು. ಹುಕಮ್ ಚಂದ್ ಮುಂದಿನದನ್ನು ಓದುವ ತಾಳ್ಮೆಯಿಲ್ಲದೆ ಬೀದಿಗೆಲ್ಲ ಲಡ್ಡು ಹಂಚಿದ, ಗಂಡು ಹುಟ್ಟಿದ ಗುರುತಿಗೆ ಬಾಗಿಲಿಗೆ ಬೇವಿನ ಎಲೆ ಕಟ್ಟಿಸಿದ. ಹುಟ್ಟಿದ್ದು ಕಾಕಿ. ಆಮೇಲೆ ಆ ಮನುಷ್ಯ ಲಡ್ಡು ವಾಪಸು ಕೇಳಲಾಗದೆ ಎಂಟು ದಿನ ಕಾರ್ಡು ತಂದುಕೊಟ್ಟ ಪೋಸ್ಟ್‌ಮನ್ನನ ಮೇಲೆ ಮುಖ ಊದಿಸಿಕೊಂಡಿದ್ದ. ನನ್ನನ್ನು ಕೇಳಿದರೆ ಆ ಲಿಪಿ ಮಾಡಿದ ಒಂದೇ ಪುಣ್ಯದ ಕೆಲಸ ಅದು. ಆ ಕಾಲದಲ್ಲಿ ಹೆಣ್ಣು ಹುಟ್ಟಿದ್ದಕ್ಕೆ ಮಲೂಕ್‌ಪುರದಲ್ಲಿ ಇನ್ಯಾರೂ ಲಡ್ಡು ಹಂಚಿದ್ದಿಲ್ಲ.

ಹೈಸ್ಕೂಲಿಗೆ ಹರಸಿಮರನ್ ಕೌರ್ ಎಂಬ ಇತಿಹಾಸದ ಟೀಚರು ಬಂದ ಮೇಲೆ ಚರಂಜೀ ಲಾಲನ ತಿರುಗಾಟಕ್ಕೆ ಒಂದು ಅರ್ಥ ಬಂತು. ಆ ಹುಡುಗಿಗೆ ಹಳೆಯ ಕಟ್ಟಡಗಳ ಹುಚ್ಚು. ಭಾನುವಾರ ಬಂದರೆ ಸ್ಕೂಟಿ ನಿಲ್ಲಿಸಿ, ದುಪಟ್ಟಾ ಸೊಂಟಕ್ಕೆ ಬಿಗಿದು, ಯಾರೂ ತಿರುಗಿ ನೋಡದ ಗೋಡೆಗಳ ಫೋಟೋ ತೆಗೆಯುತ್ತಿದ್ದಳು. ಅವಳಿಗೆ ದಾರಿ ಬೇಕಿತ್ತು, ಇವನಿಗೆ ಜೊತೆ ಬೇಕಿತ್ತು. ಅವಳು ಇವನನ್ನು ತಾಯಾಜಿ ಎಂದು ಕರೆದಳು, ತಂದೆಯ ಅಣ್ಣನನ್ನು ಕರೆಯುವ ಹಾಗೆ, ಮೊದಲ ದಿನವೇ.

ಮೊಬೈಲ್ ಅಂಗಡಿಯ ಬೋರ್ಡಿನ ಹಿಂದೆ ಹುದುಗಿದ್ದ ಹಳೆಯ ಛತ್ರದ ಕಮಾನನ್ನು ಅವನು ತೋರಿಸಿದ. ದೇಶ ಎರಡಾದಾಗ ಜನ ಬಿಟ್ಟುಹೋದ ಮಸೀದಿಗೆ ಕರೆದೊಯ್ದ. ಅಲ್ಲಿ ಈಗ ಒಬ್ಬಳು ಮುದುಕಿ ಎಮ್ಮೆಗೆ ಮೇವು ತುಂಬಿಡುತ್ತಾಳೆ, ಆದರೆ ಪಶ್ಚಿಮದ ಗೋಡೆಗೆ ಒಂದು ಕಡ್ಡಿಯನ್ನೂ ಒರಗಿಸಗೊಡುವುದಿಲ್ಲ. ಯಾಕೆ ಎಂದರೆ ಅವಳಿಗೂ ಗೊತ್ತಿಲ್ಲ, ಅತ್ತೆ ಹೇಳಿದ್ದಳಂತೆ. ಸಾಧುಗಳ ಅಖಾಡದ ಗೋಡೆಯ ಚಿತ್ರದಲ್ಲಿ ಗುರುವೂ ಇದ್ದ, ಕೃಷ್ಣನೂ ಇದ್ದ, ಹುಕ್ಕಾ ಸೇದುವ ಒಬ್ಬ ದೊರೆಯೂ ಇದ್ದ. ಹರಸಿಮರನ್ ತಲೆ ಕೆರೆದುಕೊಂಡು, "ಇದು ಯಾರ ಗುಡಿ ಅಂತ ಬರೀಲಿ ತಾಯಾಜಿ?" ಎಂದಳು. "ಯಾರ್ದೂ ಅಂತ ಬರಿ ಪುತ್ತರ್" ಎಂದ ಚರಂಜೀ ಲಾಲ್. ಯಾರದೂ ಅಲ್ಲ ಎಂದೋ, ಯಾರದಾದರೂ ಸರಿ ಎಂದೋ, ಅವನಿಗೇ ತಿಳಿಯಲಿಲ್ಲ.

ಒಂದು ಗಲ್ಲಿಗೆ ಮಾತ್ರ ಅವನು ಅವಳನ್ನು ಕರೆದುಕೊಂಡು ಹೋಗಲಿಲ್ಲ. ಅದು ಅವನ ಮನೆಯಿದ್ದ ಠಠಿಯಾರರ ಗಲ್ಲಿ. ಹಿಂದೆ ಹಿತ್ತಾಳೆ ಪಾತ್ರೆ ಬಡಿಯುವವರಿದ್ದ ಬೀದಿ. ಅಲ್ಲಿ ಸಣ್ಣ ಇಟ್ಟಿಗೆಯ ಒಂದು ಎಂಟುಮೂಲೆ ಕೋಣೆಯಿದೆ, ಮೇಲೆ ಗುಮ್ಮಟ, ಒಳಗೆ ಸುತ್ತಲೂ ಮೊಳಕಾಲೆತ್ತರದ ಜಗಲಿ. ಅದನ್ನು ಹೆಂಗಸರು ಸತೀಮಾತೆಯ ಥಾನ ಎನ್ನುತ್ತಾರೆ. ಗುರುವಾರ ಸಂಜೆ ದೀಪ ಹಚ್ಚುತ್ತಾರೆ, ಬೆಲ್ಲ ಹಾಕಿ ಕರಿದ ಗುಲ್‌ಗುಲೆ ಇಡುತ್ತಾರೆ, ಜಗಲಿಯ ಮೇಲೆ ಕೂತು ಒಂದು ಗಳಿಗೆ ಹರಟಿ ಎದ್ದು ಬರುತ್ತಾರೆ. ಕೊನೆಗೆ ಒಂದು ಭಾನುವಾರ ಹರಸಿಮರನ್ ತಾನೇ ಹುಡುಕಿಕೊಂಡು ಅಲ್ಲಿಗೆ ಬಂದಳು.

"ತಾಯಾಜಿ, ನಿಮ್ಮ ಮನೆ ಪಕ್ಕದಲ್ಲೇ ಇದೆ. ಒಂದು ಮಾತು ಹೇಳಿಲ್ವಲ್ಲ" ಎಂದು ಬಾಗಿಲ ಪಕ್ಕದ ಕಲ್ಲನ್ನು ಒರೆಸಿದಳು. "ಲಂಡೆ ಅಲ್ವಾ ಇದು? ಓದಿ."

ಕಲ್ಲಿನ ಮೇಲೆ ಐದು ಅಕ್ಷರ. ಅದರ ಕೆಳಗೆ ಇನ್ನೊಂದು ಸಾಲು ಇರುವ ಸೂಚನೆಯಿತ್ತು, ಆದರೆ ರಸ್ತೆ ಎತ್ತರವಾಗುತ್ತಾ ಬಂದು ಅದು ನೆಲದೊಳಗೆ ಹೂತುಹೋಗಿತ್ತು.

"ಕನ್ನಡಕ ತಂದಿಲ್ಲ" ಎಂದ ಚರಂಜೀ ಲಾಲ್. ಕನ್ನಡಕ ಅವನ ಮೂಗಿನ ಮೇಲೇ ಇತ್ತು.

ಅವಳು ನೋಡಿದಳು, ನಗಲಿಲ್ಲ. "ಪರ್ವಾಗಿಲ್ಲ. ಮುಂದಿನ ವಾರ ಇಲ್ಲಿ ಚರಂಡಿ ಪೈಪಿಗೆ ಅಗೀತಾರಂತೆ. ಕೆಳಗಿನ ಸಾಲೂ ಮೇಲೆ ಬರುತ್ತೆ. ಆಗ ಎರಡೂ ಓದೋಣ. ಊರಿನ ಕಮಿಟಿಯವರು ಬೋರ್ಡು ಹಾಕೋಕೆ ಒಪ್ಪಿದಾರೆ, ನೀವು ಹೇಳಿದ್ದನ್ನೇ ಬರೆಸ್ತೀನಿ."

ಆ ಐದು ಅಕ್ಷರ ಓದಲು ಅವನಿಗೆ ಕನ್ನಡಕ ಬೇಕಿರಲಿಲ್ಲ. ಸ ತ ದ ಥ ನ. ನಲವತ್ತೊಂದು ವರ್ಷದಿಂದ ಅವು ಅವನ ಹೊಟ್ಟೆಯೊಳಗೆ ಅರಗದ ತುತ್ತಿನಂತೆ ಕೂತಿದ್ದವು.

ಆಗ ಅವನಿಗೆ ಇಪ್ಪತ್ತಾರು. ಹೆಗಲಲ್ಲಿ ಚೀಲ, ಜ್ಯೇಷ್ಠದ ಬಿಸಿಲು. ಪಾಳುಬಿದ್ದ ಕೋಣೆಯನ್ನು ಗುಡಿಸುತ್ತಿದ್ದ ಹೆಂಗಸರಿಗೆ ಆ ಕಲ್ಲು ಕಂಡಿತ್ತು. "ಏ ಡಾಕಿಯಾ, ಓದಿದವನಲ್ವಾ ನೀನು, ಏನಿದೆ ನೋಡು" ಎಂದು ಟಪಾಲಿನವನನ್ನು ತಡೆದರು. ಗುಂಪಿನಲ್ಲಿ ಮದುವೆಯಾಗಿ ಮೂರು ವರ್ಷವಾಗಿದ್ದ ಅವನ ಶೀಲಾವಂತಿಯೂ ಇದ್ದಳು, ಸೆರಗನ್ನು ಮುಖಕ್ಕೆಳೆದುಕೊಂಡು. ಚರಂಜಿ ನೋಡಿದ. ಸತೀ ದಾ ಥಾನ್ ಎಂದು ಓದಿದರೆ ಸತಿಯ ಸ್ಥಾನ. ಸಂತ್ ದಾ ಥಾನ್ ಎಂದರೆ ಸಂತನ ಸ್ಥಾನ. ಸೂತ್ ಎಂದರೆ ನೂಲು, ಸೂತ್ ದೇ ಥಾನ್ ಎಂದು ಓದಿದರೆ ಬರೀ ಹತ್ತಿಬಟ್ಟೆಯ ಥಾನುಗಳು, ಯಾವನದೋ ಉಗ್ರಾಣ. ಮುನ್ಷೀ ರಾಮ್ ಹೇಳಿದ್ದ ಹಾಗೆ ಮನೆ ನೋಡಿದ. ಮನೆಯೂ ಏನೂ ಹೇಳಲಿಲ್ಲ. ಅವನು ತಡವರಿಸುವಾಗ ಗುಂಪಿನ ಮುಂದಿದ್ದ ಈಶರ್ ಕೌರ್, "ಸತೀನೇ ತಾನೆ?" ಎಂದಳು. ತಲೆಯ ಮೇಲೆ ಸೂರ್ಯ ಕಾಯುತ್ತಿದ್ದ, ಚೀಲದಲ್ಲಿ ಇನ್ನೂ ಅರ್ಧ ಟಪಾಲಿತ್ತು. "ಹೂಂ, ಸತೀನೇ" ಎಂದು ಹೇಳಿ ಅವನು ಸೈಕಲ್ ಹತ್ತಿದ.

ಸಂಜೆ ಬರುವಷ್ಟರಲ್ಲಿ ಅಲ್ಲಿ ಸುಣ್ಣ ಬಳಿದು ಕೆಂಪು ಬಟ್ಟೆ ಕಟ್ಟಿದ್ದರು. ಯಾವ ಸತಿ, ಯಾವ ಕಾಲದವಳು, ತಾನೇ ಬೆಂಕಿಗೆ ಬಿದ್ದಳೋ ಯಾರಾದರೂ ದೂಡಿದರೋ ಎಂದು ಒಬ್ಬರೂ ಕೇಳಲಿಲ್ಲ. ಆಮೇಲೆ ಶೀಲಾವಂತಿ ಅಲ್ಲಿ ಹರಕೆ ಹೊತ್ತಳು. ಮೂರು ವರ್ಷಕ್ಕೆ ಮಗಳು ಹುಟ್ಟಿದಳು, ಸತ್ಯಾ ಎಂದು ಹೆಸರಿಟ್ಟರು. ಅಲ್ಲಿಂದ ಮುಂದೆ ಬಾಯಿ ಬಿಡಲು ಚರಂಜೀ ಲಾಲನಿಗೆ ಎಲ್ಲಿ ಜಾಗ?

ಈಗಂತೂ ಜಾಗವೇ ಇರಲಿಲ್ಲ. ಸತ್ಯಾಳಿಗೆ ಮೂವತ್ತೆಂಟು. ಲುಧಿಯಾನಾದಲ್ಲಿ ಮದುವೆಯಾಗಿ ಹನ್ನೊಂದು ವರ್ಷ. ಎರಡು ಸಲ ಬಸಿರು ನಿಲ್ಲಲಿಲ್ಲ. ಈಗ ಮೂರನೆಯದು, ಏಳನೇ ತಿಂಗಳು, ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ದೃಷ್ಟಿ ತಾಗೀತೆಂದು ಶೀಲಾವಂತಿ ಗಲ್ಲಿಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ಬಾಣಂತಿಗೆ ತಿನ್ನಿಸುವ ಪಂಜೀರಿಗೆ ಅಂಟು, ಬಾದಾಮಿ ತಂದಿಟ್ಟಿದ್ದಳು, ಆದರೆ ಹುಟ್ಟುವ ಮುಂಚೆ ಹುರಿಯಬಾರದೆಂದು ಡಬ್ಬಿ ಮುಚ್ಚಿಟ್ಟಿದ್ದಳು. ಹೇಳಿಕೊಂಡಿದ್ದು ಒಬ್ಬಳ ಬಳಿ, ಆ ಕೋಣೆಯ ಸತಿಯ ಬಳಿ. ಬರುವ ಗುರುವಾರ ಅಲ್ಲಿ ಕೆಂಪು ಚುನ್ನಿ, ತಲೆಗೆ ಹೊದೆಯುವ ಬಟ್ಟೆ, ಏರಿಸುವುದಿತ್ತು. ಮಂಚದ ಮೇಲೆ ಕೂತು ಅದರ ಅಂಚಿಗೆ ಜರಿ ಹೊಲಿಯುತ್ತಿದ್ದಳು.

"ಏನ್ರೀ, ಆ ಟೀಚರಮ್ಮ ಬೋರ್ಡು ಹಾಕಿಸ್ತಾಳಂತೆ. ಮಾತೆ ಹೆಸರು ದೊಡ್ಡದಾಗಿ ಬರೆಸೋಕೆ ಹೇಳಿ."

"ಹೂಂ."

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ ಅಷ್ಟೆ."

"ಮೂವತ್ತೇಳು ವರ್ಷ ಊರಿನ ಕಾಗ್ದ ಓದಿದ್ರಿ, ಮನೇಲಿ ಒಂದು ಮಾತು ಪೂರ್ತಿ ಆಡೋಕೆ ಬರಲ್ಲ" ಎಂದು ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು.

ಅವನು ಚಹಾ ಅಂಗಡಿಗೆ ಹೋಗಿ ಹಜಾರಾ ಸಿಂಗನ ಪಕ್ಕ ಕೂತ. ಹಜಾರಾ ಸಿಂಗ್ ಲಾರಿ ಓಡಿಸಿ ಬಿಟ್ಟವನು, ಬಾಲ್ಯದ ಗೆಳೆಯ, ಬಾಯಿ ಜೋರು. ಸಂಗತಿಯನ್ನೆಲ್ಲ ಹೇಳದೆ ಅಕ್ಷರಗಳನ್ನಷ್ಟೇ ಬೆಂಚಿನ ಧೂಳಿನಲ್ಲಿ ಬರೆದು ತೋರಿಸಿದ.

"ಇದ್ರಲ್ಲಿ ಕೇಳೋದೇನಿದೆ ಲಾಲಾ? ಸಂತ್ ದಾ ಥಾನ್. ನಮ್ಮಜ್ಜ ಹೇಳೋನು, ಅಲ್ಲೊಬ್ಬ ಸಂತ ಮಾತಾಡ್ದೆ ಕೂತಿರ್ತಿದ್ದ ಅಂತ."

"ನಿಮ್ಮಜ್ಜ ನೋಡಿದ್ನಾ?"

"ಅವ್ನಿಗೆ ಅವನಜ್ಜ ಹೇಳಿದ್ದ." ಚಹಾ ಹೀರಿ ಮೀಸೆ ಒರೆಸಿಕೊಂಡು ಹಜಾರಾ ಸಿಂಗ್ ಮತ್ತೆ ಬಗ್ಗಿ ನೋಡಿದ. "ಅಲ್ಲ, ಥಾಣಾ ಯಾಕಾಗಬಾರ್ದು? ಪೊಲೀಸ್ ಥಾಣಾ. ನಿಮ್ಮ ಗಲ್ಲಿ ಹೆಂಗಸರು ಅಲ್ಲಿ ಕೂತು ಊರವರನ್ನೆಲ್ಲ ವಿಚಾರಣೆ ಮಾಡೋದು ನೋಡಿದ್ರೆ ಅದೇ ಸರಿ ಅನ್ಸುತ್ತೆ."

ಚರಂಜೀ ಲಾಲನಿಗೆ ನಗು ಬರಲಿಲ್ಲ. ಸತಿಯೆಂದರೆ ಸುಳ್ಳಾಗಬಹುದು, ಸಂತನೆಂದರೂ ಸುಳ್ಳಾಗಬಹುದು. ಸುಮ್ಮನಿದ್ದರೆ ಹಳೆಯ ಸುಳ್ಳು ಬೋರ್ಡಿನ ಮೇಲೆ ಬಣ್ಣದಲ್ಲಿ ಕೂರುತ್ತದೆ. ಹೇಳಿದರೆ ಹೆಂಡತಿ ಈ ಗುರುವಾರ ಎಲ್ಲಿ ತಲೆಯಿಡಬೇಕು? ಒಂದು ಮನಸ್ಸು ಹೇಳು ಎನ್ನುತ್ತಿತ್ತು, ಇನ್ನೊಂದು ಎರಡು ತಿಂಗಳು ತಡಿ ಎನ್ನುತ್ತಿತ್ತು. ಮನೆಗೆ ಹೊರಟವನು ದಾರಿ ತಪ್ಪಿ ಮಂಡಿಯ ಕಡೆ ನಡೆದುಬಿಟ್ಟ, ಊರಿನ ಪ್ರತಿ ಕದ ಗೊತ್ತಿದ್ದ ಮನುಷ್ಯ.

ಬುಧವಾರ ಬೆಳಿಗ್ಗೆ ಪೈಪಿನವರು ಅಗೆದರು. ಹರಸಿಮರನ್ ರಜೆ ಹಾಕಿ ಬಂದು ಮಣ್ಣಿನಲ್ಲಿ ಮಂಡಿಯೂರಿ ಕಲ್ಲಿಗೆ ನೀರು ಹಾಕಿ ತೊಳೆದಳು. ಎರಡನೇ ಸಾಲು ಬಿಡಿಸಿದ ಕಡಲೆಯಷ್ಟು ಸ್ಪಷ್ಟವಾಗಿತ್ತು. ಚರಂಜೀ ಲಾಲ್ ಬಗ್ಗಿದ. ಕೊನೆಯ ನಾಲ್ಕು ಅಕ್ಷರ: ತ ರ ಜ ಣ. ಇದಕ್ಕೆ ಯಾವ ಕಾಗುಣಿತ ಹಾಕಿ ಹಿಗ್ಗಿಸಿದರೂ, ಜಗ್ಗಿದರೂ ನಮ್ಮ ಮಾತಿನಲ್ಲಿ ಒಂದೇ ಶಬ್ದವಾಗುತ್ತದೆ. ತ್ರಿಂಜಣ. ಬೀದಿಯ ಹೆಣ್ಣುಮಕ್ಕಳೆಲ್ಲ ತಮ್ಮ ತಮ್ಮ ಚರಕ ತಂದು ಒಟ್ಟಿಗೆ ಕೂತು ನೂಲುವ ಕೂಟ. ಹಿಂದಿನ ಅಕ್ಷರಗಳೂ ತಾವಾಗಿ ಬಾಯಿಗೆ ಬಂದವು. ಕುಡಿಯಾಂ ದಾ ತ್ರಿಂಜಣ, ಹುಡುಗಿಯರ ನೂಲುವ ಕೂಟ. ಹಾಗಾದರೆ ಮೇಲಿನದು ಸತಿಯೂ ಅಲ್ಲ, ಸಂತನೂ ಅಲ್ಲ, ಉಗ್ರಾಣವೂ ಅಲ್ಲ. ಸೂತ್ ದಾ ಥಾನ್. ನೂಲಿನ ಸ್ಥಾನ.

ಅವನು ಮೆಲ್ಲಗೆ ಓದಿ ಹೇಳಿದ. ಹರಸಿಮರನ್ ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

"ತಾಯಾಜಿ, ಹುಡುಗಿಯರು ಕೂತ್ಕೊಳ್ಳೋಕೆ ಅಂತ ಗುಮ್ಮಟ ಹಾಕಿ ಕಟ್ಟಿಸಿದಾರೆ. ನಾನು ಎಲ್ಲೂ ನೋಡಿಲ್ಲ ಇಂಥದ್ದು." ಒಳಗಿನ ಜಗಲಿಯ ಕಡೆ ನೋಡಿ ಸಣ್ಣ ದನಿಯಲ್ಲಿ, "ಇಲ್ಲಿ ಯಾರೂ ಸುಟ್ಟುಹೋಗಿಲ್ಲ" ಎಂದಳು.

ಚರಂಜೀ ಲಾಲನಿಗೆ ಇದು ಹೊಳೆದೇ ಇರಲಿಲ್ಲ. ನಲವತ್ತೊಂದು ವರ್ಷ ಅವನು ತನ್ನ ಸುಳ್ಳನ್ನಷ್ಟೇ ನೆನೆದು ಬೇಯುತ್ತಿದ್ದ. ಆ ಸುಳ್ಳಿನೊಳಗೆ ಒಬ್ಬ ಹೆಂಗಸನ್ನು ಬೆಂಕಿಗೆ ಹಾಕಿದ್ದು ತಾನೇ ಎಂಬುದು ಈಗ ತಿಳಿಯಿತು. ಅಂಥವಳು ಇರಲೇ ಇಲ್ಲವೆಂದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನ ತಲೆಯೊಳಗೆ ಚುನ್ನಿಯೊಂದೇ ಇತ್ತು.

ಗುರುವಾರ ಮಧ್ಯಾಹ್ನ ಸೊಪ್ಪಿನ ಸಾಗ್ ಜೊತೆ ಮೆಕ್ಕೆಜೋಳದ ರೊಟ್ಟಿ ಬಡಿಸಿದಾಗ ಅವನು ತುತ್ತು ಮುರಿದ, ಬಾಯಿಗಿಡಲಿಲ್ಲ. ತಟ್ಟೆ ನೋಡುತ್ತಲೇ ಎಲ್ಲವನ್ನೂ ಹೇಳಿದ. ಬಿಸಿಲು, ಚೀಲ, ಈಶರ್ ಕೌರಳ ಪ್ರಶ್ನೆ, ತನ್ನ ‘ಹೂಂ’, ನಿನ್ನೆ ಕಂಡ ಸಾಲು. ಹೇಳಿ ಮುಗಿಸಿದ ಮೇಲೂ ತಲೆಯೆತ್ತಲಿಲ್ಲ.

ಶೀಲಾವಂತಿ ಒಲೆಯ ಮುಂದಿನಿಂದ ಎದ್ದಳು. ಮತ್ತೆ ಕೂತಳು. ರೊಟ್ಟಿ ತವೆಯ ಮೇಲೆ ಕರಕಲಾಯಿತು, ತೆಗೆಯಲಿಲ್ಲ.

"ಹಾಗಾದ್ರೆ ನಲವತ್ತು ವರ್ಷ ನಾನು ಯಾರ ಹತ್ರ ಮಾತಾಡ್ತಿದ್ದೆ?"

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಸತ್ಯಾಗೆ ಎರಡನೇ ಸಲ ಹಾಗಾದಾಗ ಅಲ್ಲಿ ಹೋಗಿ ಅತ್ತಿದ್ದೆ. ನಿಮ್ಮ ಮುಂದೆ ಅತ್ತಿಲ್ಲ. ನೀವು ಆಗಲೂ ಸುಮ್ನೆ ಇದ್ರಿ."

"ಸುಮ್ನೆ ಇದ್ದೆ" ಎಂದ ಅವನು. "ಬಾಯಿ ಬರ್ಲಿಲ್ಲ ಶೀಲಾ."

"ಸೈಕಲ್ ಹತ್ತೋಕೆ ಕಾಲು ಬಂತು, ನಿಜ ಹೇಳೋಕೆ ಬಾಯಿ ಬರ್ಲಿಲ್ಲ." ಅವಳ ದನಿ ಏರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. ಕರಕಲು ರೊಟ್ಟಿಯನ್ನು ತವೆಯಿಂದ ಎತ್ತಿಟ್ಟು ಕೇಳಿದಳು, "ಆ ಹುಡುಗೀರು ಅಲ್ಲಿ ಕೂತು ಏನ್ ಮಾಡ್ತಿದ್ರು?"

"ನೂಲ್ತಿದ್ರು."

"ಅದು ಗೊತ್ತು. ಮಾತು ಏನ್ ಆಡ್ತಿದ್ರು?"

"ನಂಗೇನ್ ಗೊತ್ತು? ಮನೇಲಿ ಹೇಳೋಕಾಗದ್ದು ಹೇಳ್ಕೋತಿದ್ರೇನೋ."

ಶೀಲಾವಂತಿ ಅವನನ್ನೇ ದಿಟ್ಟಿಸಿದಳು. ಹೊತ್ತು ಇಳಿದ ಮೇಲೆ ಚುನ್ನಿ ಮಡಿಸಿ ಕಂಕುಳಲ್ಲಿಟ್ಟು, ದೀಪದ ಎಣ್ಣೆ, ಗುಲ್‌ಗುಲೆಯ ಬಟ್ಟಲು ತೆಗೆದುಕೊಂಡು ಹೊರಟಳು. ಏನು ಮಾಡಲು ಹೋಗುತ್ತಿದ್ದಾಳೆ ಎಂದು ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲವೆಂದು ನನಗನ್ನಿಸುತ್ತದೆ. ಹತ್ತು ಹೆಜ್ಜೆ ಬಿಟ್ಟು ಅವನೂ ನಡೆದ, ಚಪ್ಪಲಿ ಅದಲುಬದಲು ಮೆಟ್ಟಿಕೊಂಡು.

ಪುಷ್ಯದ ಸಂಜೆ, ಮಂಜು ಆಗಲೇ ಇಳಿಯುತ್ತಿತ್ತು. ಕೋಣೆಯಲ್ಲಿ ಏಳೆಂಟು ಹೆಂಗಸರು ಬಂದು ಕೂತಿದ್ದರು. ಅವರ ನಡುವೆ ಈಶರ್ ಕೌರ್, ಎಂಬತ್ತು ದಾಟಿದವಳು, ಕಂಬಳಿಯೊಳಗೆ ಮುದುಡಿಕೊಂಡು. ಚರಂಜೀ ಲಾಲ್ ಹೊಸ್ತಿಲಾಚೆ, ಅಗೆದ ಮಣ್ಣಿನ ಪಕ್ಕ ನಿಂತ. ಶೀಲಾವಂತಿ ಎಂದಿನಂತೆ ತಲೆ ಬಾಗಿಸಲು ಬಗ್ಗಿದಳು, ಅರ್ಧಕ್ಕೆ ನಿಂತಳು. ನೆಟ್ಟಗಾಗಿ ಜಗಲಿಯ ಮೇಲೆ ಕೂತಳು. ಚುನ್ನಿ ಮಡಿಲಲ್ಲೇ ಇತ್ತು.

"ನಮ್ಮ ಸತ್ಯಾಗೆ ಏಳು ತಿಂಗಳು" ಎಂದಳು.

ಗಲ್ಲಿಯಲ್ಲಿ ಅದು ಯಾರಿಗೂ ಗೊತ್ತಿರದ ಮಾತು. ಹೆಂಗಸರು ಅವಳತ್ತ ತಿರುಗಿದರು. "ಹಾಸಿಗೆ ಮೇಲಿದಾಳೆ. ಹಿಂದೆ ಎರಡು ಹೋದ್ವು. ನಂಗೆ ಹೆದ್ರಿಕೆ ಆಗ್ತಿದೆ, ರಾತ್ರಿ ನಿದ್ದೆ ಬರಲ್ಲ." ಇಷ್ಟನ್ನು ಹೇಳುವಾಗ ಅವಳು ಗೋಡೆಯ ಕಡೆ ನೋಡಲಿಲ್ಲ, ಅವರ ಮುಖ ನೋಡಿ ಹೇಳಿದಳು.

ಪಕ್ಕದವಳು ಸರಿದು ಅವಳ ಕೈ ಹಿಡಿದಳು. "ಹುಚ್ಚಿ, ಇಷ್ಟು ದಿನ ಒಬ್ಳೇ ಇಟ್ಕೊಂಡಿದ್ಯಾ? ನನಗೂ ಒಂದು ಹೋಗಿತ್ತು, ನನ್ನ ಮಗ ದರ್ಶನ್ ಹುಟ್ಟೋಕೆ ಮುಂಚೆ. ಯಾರಿಗೂ ಹೇಳಿರ್ಲಿಲ್ಲ." ಇನ್ನೊಬ್ಬಳೂ ಏನೋ ಹೇಳಿದಳು, ಅದು ಹೊರಗೆ ನಿಂತವನಿಗೆ ಕೇಳಿಸಲಿಲ್ಲ. ಶೀಲಾವಂತಿ ಅತ್ತಳು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅಳುವುದನ್ನು ಅವನು ನೋಡಿದ್ದು ಅದೇ ಮೊದಲು.

ಆಮೇಲೆ ಅವಳು ಮುಖ ಒರೆಸಿಕೊಂಡು ಹೊಸ್ತಿಲ ಕಡೆ ತಿರುಗಿದಳು. "ಬನ್ನಿ ಒಳಗೆ. ಆ ಕಲ್ಲಲ್ಲಿ ಏನಿದೆ ಅಂತ ಇವ್ರಿಗೆ ಓದಿ ಹೇಳಿ. ಈ ಸಲ ಸರಿಯಾಗಿ ಕಾಗುಣಿತ ಹಾಕಿ."

ಚರಂಜೀ ಲಾಲ್ ಅಗೆದ ಮಣ್ಣು ದಾಟಿ ಹೊಸ್ತಿಲೊಳಗೆ ಕಾಲಿಟ್ಟ. ಈಶರ್ ಕೌರ್ ಕಂಬಳಿಯಿಂದ ಮುಖ ಹೊರಗೆ ಹಾಕಿ, ಮಂಜಾದ ಕಣ್ಣು ಕಿರಿದು ಮಾಡಿ, ಅಂದಿನ ಹಾಗೆಯೇ ಕೇಳಿದಳು, "ಯಾಕೋ ಡಾಕಿಯಾ, ಸತೀನೇ ತಾನೆ?"

ಹೂಂ ಎನ್ನಲು ಒಂದು ಗಳಿಗೆ ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಅಲ್ಲ ಬೀಬೀ" ಎಂದ. "ತಪ್ಪು ಓದಿದ್ದೆ. ಸತಿ ಅಲ್ಲ, ಸೂತ್. ಹುಡುಗೀರು ಕೂತು ನೂಲೋ ಜಾಗ ಇದು. ಇಲ್ಲಿ ದೇವ್ರಿಲ್ಲ."

ಒಬ್ಬಳು ತಲೆಯ ಮೇಲಿನ ದುಪಟ್ಟಾ ತೆಗೆಯುವುದೋ ಇರಿಸಿಕೊಳ್ಳುವುದೋ ಎಂದು ತಿಳಿಯದೆ ಅದರ ತುದಿ ಹಿಡಿದುಕೊಂಡಳು. ಇಟ್ಟ ಗುಲ್‌ಗುಲೆಯನ್ನು ಏನು ಮಾಡಬೇಕೆಂದು ಇನ್ನೊಬ್ಬಳು ಬಟ್ಟಲನ್ನೇ ನೋಡಿದಳು. ಈಶರ್ ಕೌರ್ ತಾನು ಕೂತಿದ್ದ ಜಗಲಿಯನ್ನು ಅಂಗೈಯಿಂದ ಸವರಿದಳು.

"ಹಾಗಾದ್ರೆ ನಾವೀಗ ಎದ್ದು ಹೋಗ್ಬೇಕಾ?"

"ಬೇಡ ಬೀಬೀ" ಎಂದ ಚರಂಜೀ ಲಾಲ್. "ಕೂತ್ಕೊಳ್ಳೋಕೆ ಅಂತಲೇ ಕಟ್ಟಿದ್ದು."

ಮುದುಕಿ ಕಂಬಳಿಯನ್ನು ಮತ್ತೆ ಎಳೆದುಕೊಂಡು ಗೋಡೆಗೆ ಒರಗಿದಳು, ಗುಲ್‌ಗುಲೆ ಇತ್ತ ಕೊಡಿ ಎಂದು ಕೈ ಚಾಚಿದಳು. ಶೀಲಾವಂತಿ ಚುನ್ನಿ ಬಿಡಿಸಿ, ಚಳಿಗೆ ನಡುಗುತ್ತಿದ್ದ ಆ ಮುದುಕಿಯ ಕಾಲಿನ ಮೇಲೆ ಹೊದಿಸಿದಳು. ನಂತರ ದೀಪ ಹಚ್ಚಿದಳು. ಅದು ಯಾರಿಗೆ ಎಂದು ಕೇಳಬೇಕೆಂದು ಚರಂಜೀ ಲಾಲನಿಗೆ ಅನ್ನಿಸಿತು. ಅವನು ಬಾಯಿ ತೆರೆಯುವ ಮೊದಲೇ ಅವಳು, "ಕತ್ತಲಾಯ್ತು, ಮುಖ ಕಾಣಿಸ್ತಿಲ್ಲ" ಎಂದು ದೀಪವನ್ನು ಎಲ್ಲರ ನಡುವೆ ಇಟ್ಟಳು.